ಎಚ್‌ಡಿ-2 ಕೇಳುವವರ ತಲೆ ಎಣಿಸುವುದು ಹೇಗೆ?

ಅಮೆರಿಕದ ಡಿಜಿಟಲ್ ರೇಡಿಯೊ ಕುರಿತು ಈ ಅಂಕಣದಲ್ಲಿ ಹಿಂದೊಮ್ಮೆ ಬರೆದ ಟಿಪ್ಪಣಿಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಸುತ್ತಿಕೊಂಡಿದ್ದವು. ದೊಡ್ಡ ಎಫ್‌ಎಂ ಕೇಂದ್ರಗಳ ನೆರಳಿನಲ್ಲಿ ನಡೆಯುವ ಎಚ್‌ಡಿ ಉಪವಾಹಿನಿಗಳಿಗೂ ಕಡಿಮೆ ಶಕ್ತಿಯ ಮರುಪ್ರಸಾರ ಸಾಧನಗಳಾದ ಟ್ರಾನ್ಸ್‌ಲೇಟರ್‌ಗಳಿಗೂ ಎಷ್ಟು ಮಂದಿ ಕೇಳುಗರಿದ್ದಾರೆ, ಅದನ್ನು ಎಣಿಸುವವರು ಯಾರು ಎಂಬುದೇ ಆ ವಿಷಯ. ಎಚ್‌ಡಿ ಎಂದರೆ ಅಮೆರಿಕದ ಡಿಜಿಟಲ್ ರೇಡಿಯೊ: ಒಂದೇ ಎಫ್‌ಎಂ ತರಂಗಾಂತರದಲ್ಲಿ ಅನಲಾಗ್ ಪ್ರಸಾರದ ಜೊತೆಗೇ ಡಿಜಿಟಲ್ ವಾಹಿನಿಗಳೂ ಹೋಗುತ್ತವೆ. ಎಚ್‌ಡಿ-1 ಅನಲಾಗ್ ಕಾರ್ಯಕ್ರಮವೇ; ಎಚ್‌ಡಿ-2, ಎಚ್‌ಡಿ-3 ಡಿಜಿಟಲ್ ರೇಡಿಯೊದಲ್ಲಷ್ಟೇ ಕೇಳಿಸುವ ಬೇರೆ ಉಪವಾಹಿನಿಗಳು. ಆದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟುಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮ ಕಾರಿನ ರೇಡಿಯೊದಲ್ಲಿ ಒಂದು ಇಂಗ್ಲಿಷ್ ಎಫ್‌ಎಂ ಕೇಂದ್ರದ ಎಚ್‌ಡಿ-3ರಲ್ಲಿ ಭಾರತೀಯ ಹಾಡುಗಳು ಬರುತ್ತವೆ. ನನ್ನ ಪರಿಚಯದ ಹತ್ತು ಮನೆಯವರಾದರೂ ಅದನ್ನು ಕೇಳುತ್ತಾರೆ. ಆದರೆ ಪ್ರತಿ ತಿಂಗಳು ಪ್ರಕಟವಾಗುವ ರೇಟಿಂಗ್ ಪಟ್ಟಿಯಲ್ಲಿ ಅದರ ಹೆಸರೇ ಕಾಣುವುದಿಲ್ಲ. ಹಾಗಾದರೆ ಅದಕ್ಕೆ ಕೇಳುಗರೇ ಇಲ್ಲವೆಂದು ಅರ್ಥವೆ? (ಎಡಿಸನ್, ನ್ಯೂಜೆರ್ಸಿ)

ಉತ್ತರ: ಆ ಪಟ್ಟಿಯನ್ನು ನೋಡಿ ಅಂಥ ತೀರ್ಮಾನಕ್ಕೆ ಬರುವಂತಿಲ್ಲ. ಅಮೆರಿಕದಲ್ಲಿ ರೇಡಿಯೊ ಕೇಳುಗರನ್ನು ಲೆಕ್ಕ ಹಾಕುವ ಮುಖ್ಯ ಸಂಸ್ಥೆ ನೀಲ್ಸನ್ ಆಡಿಯೊ. 2013ರವರೆಗೆ ಈ ಕೆಲಸವನ್ನು ಆರ್ಬಿಟ್ರಾನ್ ಎಂಬ ಕಂಪನಿ ಮಾಡುತ್ತಿತ್ತು. ಆ ವರ್ಷ ನೀಲ್ಸನ್ ಅದನ್ನು ಕೊಂಡುಕೊಂಡಿತು. ನೀಲ್ಸನ್ ಸಾರ್ವಜನಿಕರಿಗಾಗಿ ಬಿಡುಗಡೆ ಮಾಡುವ ತಿಂಗಳ ಪಟ್ಟಿಯಲ್ಲಿ ಇರುವುದು ಅದಕ್ಕೆ ಚಂದಾ ಕಟ್ಟಿದ ಕೇಂದ್ರಗಳ ಅಂಕಿಗಳಷ್ಟೇ. ಚಂದಾ ಕಟ್ಟದ ಕೇಂದ್ರಕ್ಕೆ ಎಷ್ಟೇ ಕೇಳುಗರಿದ್ದರೂ ಆ ಪಟ್ಟಿಯಲ್ಲಿ ಜಾಗವಿಲ್ಲ. ಅಂದರೆ ಹೆಸರು ಕಾಣದಿರುವುದಕ್ಕೆ ಮೊದಲ ಕಾರಣ ಬರಿಯ ಲೆಕ್ಕಪತ್ರದ್ದೂ ಆಗಿರಬಹುದು.

ಎರಡನೆಯ ಕಾರಣ ತಾಂತ್ರಿಕವಾದದ್ದು. ದೊಡ್ಡ 48 ಮಾರುಕಟ್ಟೆಗಳಲ್ಲಿ (ಎಣಿಕೆಗಾಗಿ ಗುರುತಿಸಿದ ನಗರ ಪ್ರದೇಶಗಳಲ್ಲಿ) ಎಣಿಕೆ ನಡೆಯುವುದು ಪೋರ್ಟಬಲ್ ಪೀಪಲ್ ಮೀಟರ್, ಸಂಕ್ಷಿಪ್ತವಾಗಿ ಪಿಪಿಎಂ, ಎಂಬ ಸಣ್ಣ ಸಾಧನದಿಂದ. ಆಯ್ದ ಮನೆಗಳ ಸದಸ್ಯರು ಇದನ್ನು ದಿನವಿಡೀ ಮೈಮೇಲೆ ಇಟ್ಟುಕೊಂಡಿರುತ್ತಾರೆ. ಪ್ರಸಾರಕ್ಕೆ ಹೋಗುವ ಧ್ವನಿಯೊಳಗೆ ಕೇಂದ್ರವು ಒಂದು ಉಪಕರಣದ ಮೂಲಕ ಕಿವಿಗೆ ಗೊತ್ತಾಗದ ಸಂಕೇತವನ್ನು ಬೆರೆಸಿರುತ್ತದೆ, ಮೀಟರ್ ಹಿಡಿಯುವುದು ಆ ಸಂಕೇತವನ್ನು. ಒಂದೇ ಕೇಂದ್ರದ ಎಚ್‌ಡಿ-1, ಎಚ್‌ಡಿ-2, ಎಚ್‌ಡಿ-3 ಬೇರೆ ಬೇರೆ ಕಾರ್ಯಕ್ರಮಗಳನ್ನು ಕೊಡುತ್ತಿದ್ದರೆ ಒಂದೊಂದಕ್ಕೂ ಪ್ರತ್ಯೇಕ ಸಂಕೇತ ಬೇಕು. ಸಂಕೇತ ಹಾಕದ ವಾಹಿನಿಯನ್ನು ತಾವು ಇಡೀ ದಿನ ಕೇಳಿದರೂ ಮೀಟರಿನ ಪಾಲಿಗೆ ಅದು ಮೌನವೇ. ಉಪವಾಹಿನಿಯನ್ನು ಗುತ್ತಿಗೆಗೆ ಪಡೆದು ಸಮುದಾಯದ ಕಾರ್ಯಕ್ರಮ ನಡೆಸುವವರು ಸಾಮಾನ್ಯವಾಗಿ ಒಡವೆ ಅಂಗಡಿ, ದಿನಸಿ ಅಂಗಡಿ, ವಕೀಲರು, ಸಂಗೀತ ಸಂಜೆಯ ಆಯೋಜಕರು ಇಂಥವರಿಂದ ನೇರವಾಗಿ ಜಾಹೀರಾತು ತರುತ್ತಾರೆ. ಆ ಜಾಹೀರಾತುದಾರರು ಕೇಳುವುದು ಷೇರ್ (ರೇಡಿಯೊ ಕೇಳುತ್ತಿರುವ ಒಟ್ಟು ಜನರಲ್ಲಿ ಕೇಂದ್ರದ ಶೇಕಡಾ ಪಾಲು) ಎಷ್ಟೆಂದಲ್ಲ, ಅಂಗಡಿಗೆ ಜನ ಬಂದರೇ ಎಂದು.

ಇಷ್ಟೆಲ್ಲ ಹೇಳಿದ ಮೇಲೂ, ಉಪವಾಹಿನಿಗೆ ಕೇಳುಗರು ಕಡಿಮೆ ಎಂಬ ಮಾತಿನಲ್ಲಿ ಹುರುಳಿದೆ ಎಂಬುದನ್ನು ಮುಚ್ಚಿಡಬಾರದು. ಅಮೆರಿಕದ ಪ್ರಸಾರ ನಿಯಂತ್ರಣ ಸಂಸ್ಥೆಯಾದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್, ಅಂದರೆ ಎಫ್‌ಸಿಸಿ, 2002ರ ಅಕ್ಟೋಬರಿನಲ್ಲಿ ಈ ತಂತ್ರಜ್ಞಾನಕ್ಕೆ ಒಪ್ಪಿಗೆ ಕೊಟ್ಟಾಗ ಡಿಜಿಟಲ್ ಭಾಗಕ್ಕೆ ದೊರೆತದ್ದು ಅನಲಾಗ್ ಶಕ್ತಿಯ ನೂರರಲ್ಲಿ ಒಂದು ಪಾಲು ಮಾತ್ರ. 50,000 ವಾಟ್‌ಗಳ ಕೇಂದ್ರದ ಡಿಜಿಟಲ್ ಪ್ರಸಾರ 500 ವಾಟ್‌ಗಳದ್ದಾಗಿತ್ತು. 2010ರಲ್ಲಿ ಆ ಮಿತಿಯನ್ನು ಸಡಿಲಿಸಿ, ಪಕ್ಕದ ಕೇಂದ್ರಗಳಿಗೆ ತೊಂದರೆಯಾಗದ ಕಡೆ ಶೇ. 10ರವರೆಗೂ ಏರಿಸಿಕೊಳ್ಳಲು ಅವಕಾಶ ಕೊಡಲಾಯಿತು. ಕಾರು ದೂರ ಹೋದಂತೆ ಅಥವಾ ಗುಡ್ಡದ ಮರೆಗೆ ಸರಿದಂತೆ ಎಚ್‌ಡಿ-1ರ ಡಿಜಿಟಲ್ ಪ್ರಸಾರ ಕಡಿದರೆ ರೇಡಿಯೊ ಸದ್ದಿಲ್ಲದೆ ಅದೇ ಕಾರ್ಯಕ್ರಮದ ಅನಲಾಗ್ ಪ್ರಸಾರಕ್ಕೆ ಇಳಿಯುತ್ತದೆ, ಕೇಳುಗನಿಗೆ ಗೊತ್ತೂ ಆಗುವುದಿಲ್ಲ. ಎಚ್‌ಡಿ-2 ಮತ್ತು ಎಚ್‌ಡಿ-3ಕ್ಕೆ ಹಾಗೆ ಇಳಿಯಲು ಕೆಳಗೆ ಮೆಟ್ಟಿಲೇ ಇಲ್ಲ. ಕಳೆದ ಸಲ ನಮ್ಮ ಬಂಧುಗಳ ಕಾರಿನಲ್ಲಿ ಕೂತಿದ್ದಾಗ ಪಲ್ಲವಿ ಮುಗಿದು ಚರಣ ಹಿಡಿಯುವಷ್ಟರಲ್ಲಿ ಹಾಡು ಕತ್ತರಿಸಿದಂತೆ ನಿಂತಿತು. ಪರದೆಯ ಮೇಲಿನ ಎಚ್‌ಡಿ ಗುರುತು ಮಿನುಗಿತು. ಕೆಲವು ಸೆಕೆಂಡುಗಳ ಮೇಲೆ ಹಾಡು ಮರಳಿ ಬಂದಾಗ ಚರಣವೂ ಮುಗಿಯುತ್ತ ಬಂದಿತ್ತು. ಎರಡು ಸಲ ಹೀಗಾದ ಮೇಲೆ ಚಾಲಕರು ಫೋನನ್ನು ಜೋಡಿಸಿಕೊಂಡರು. ಅಲ್ಲಿಗೆ ಆ ವಾಹಿನಿ ಒಬ್ಬ ಕೇಳುಗರನ್ನು ಕಳೆದುಕೊಂಡಿತು. ಅವರು ಫೋನಿನಲ್ಲಿ ಅದೇ ವಾಹಿನಿಯ ಅಂತರ್ಜಾಲ ಪ್ರಸಾರವನ್ನೇ ಹಾಕಿಕೊಂಡಿದ್ದರೂ, ಜಾಹೀರಾತೂ ಸೇರಿ ಎರಡು ಕಡೆಯ ಪ್ರಸಾರ ಒಂದೇ ಆಗಿದ್ದಾಗ ಮಾತ್ರ ಎರಡೂ ಲೆಕ್ಕಗಳನ್ನು ಕೂಡಿಸಿ ತೋರಿಸಬಹುದು.

ಪ್ರಶ್ನೆ: ನಾನು ಪತ್ರಿಕೋದ್ಯಮದ ವಿದ್ಯಾರ್ಥಿನಿ. ಅಮೆರಿಕದ ಪಟ್ಟಿಗಳನ್ನು ನೋಡುವಾಗ ಕೆಲವು ಎಚ್‌ಡಿ-2 ವಾಹಿನಿಗಳು ದೊಡ್ಡ ಕೇಂದ್ರಗಳ ಸಾಲಿನಲ್ಲೇ ಕಾಣಿಸಿಕೊಳ್ಳುತ್ತವೆ, ಉಳಿದವು ಎಲ್ಲಿಯೂ ಇಲ್ಲ. ಡಿಜಿಟಲ್ ರೇಡಿಯೊ ಕೊನೆಗೂ ಜನಪ್ರಿಯವಾಯಿತೆಂದು ಇದನ್ನು ಓದಿಕೊಳ್ಳಬಹುದೆ? ಟ್ರಾನ್ಸ್‌ಲೇಟರ್ ಎಂದರೆ ಅನುವಾದಕ ಎಂದಷ್ಟೇ ನನಗೆ ಗೊತ್ತು. ರೇಡಿಯೊದಲ್ಲಿ ಅದು ಏನು ಮಾಡುತ್ತದೆ? (ಮೈಸೂರು)

ಉತ್ತರ: ತಮ್ಮ ಎರಡನೆಯ ಪ್ರಶ್ನೆಯಲ್ಲೇ ಮೊದಲನೆಯದರ ಉತ್ತರವಿದೆ. ಇಲ್ಲಿ ಅನುವಾದಗೊಳ್ಳುವುದು ಭಾಷೆಯಲ್ಲ, ತರಂಗಾಂತರ. ಒಂದು ತರಂಗಾಂತರದಲ್ಲಿ ಬಂದ ಕಾರ್ಯಕ್ರಮವನ್ನು ಇನ್ನೊಂದು ತರಂಗಾಂತರದಲ್ಲಿ ಮರುಪ್ರಸಾರ ಮಾಡುವ ಸಣ್ಣ ಟ್ರಾನ್ಸ್‌ಮಿಟರೇ ಟ್ರಾನ್ಸ್‌ಲೇಟರ್. ಅದರ ಶಕ್ತಿ ಹೆಚ್ಚೆಂದರೆ 250 ವಾಟ್. 1970ರಲ್ಲಿ ಎಫ್‌ಸಿಸಿ ಇದಕ್ಕೆ ಅವಕಾಶ ಮಾಡಿದಾಗ ಬೆಟ್ಟದ ಹಿಂದಿನ ಊರುಗಳಿಗೆ, ತರಂಗ ಸರಿಯಾಗಿ ತಲುಪದ ಕಣಿವೆಗಳಿಗೆ ದೊಡ್ಡ ಕೇಂದ್ರದ ಪ್ರಸಾರವನ್ನು ಮುಟ್ಟಿಸುವುದಷ್ಟೇ ಉದ್ದೇಶವಾಗಿತ್ತು. ಟ್ರಾನ್ಸ್‌ಲೇಟರ್ ತನ್ನದೇ ಕಾರ್ಯಕ್ರಮವನ್ನು ನಡೆಸುವಂತಿಲ್ಲ, ಇನ್ನೊಂದು ಕೇಂದ್ರದ್ದನ್ನು ಮರುಪ್ರಸಾರ ಮಾಡಬೇಕು ಎಂಬ ನಿಯಮ ಇಂದಿಗೂ ಇದೆ.

ಎಚ್‌ಡಿ-2 ಬಂದ ಮೇಲೆ ಈ ನಿಯಮದೊಳಗೇ ಒಂದು ಕಿಂಡಿ ತೆರೆಯಿತು. ಎಚ್‌ಡಿ-2 ಕೂಡ ಒಂದು ಪರವಾನಗಿ ಪಡೆದ ಕೇಂದ್ರದ ಪ್ರಸಾರವೇ ತಾನೆ? ಅದನ್ನು ಟ್ರಾನ್ಸ್‌ಲೇಟರ್ ಮರುಪ್ರಸಾರ ಮಾಡಿದರೆ ನಿಯಮ ಮುರಿದಂತಾಗುವುದಿಲ್ಲ. ಹೀಗಾಗಿ ಕಂಪನಿಗಳು ಹೊಸ ಕಾರ್ಯಕ್ರಮವೊಂದನ್ನು ಎಚ್‌ಡಿ-2ರಲ್ಲಿ ಶುರುಮಾಡಿ, ಅದನ್ನು ನಗರದ ಎತ್ತರದ ಗೋಪುರದ ಮೇಲಿರುವ 250 ವಾಟ್‌ಗಳ ಟ್ರಾನ್ಸ್‌ಲೇಟರ್‌ಗೆ ಕೊಟ್ಟು, ಸಾಮಾನ್ಯ ಅನಲಾಗ್ ಎಫ್‌ಎಂ ರೇಡಿಯೊದಲ್ಲೇ ಕೇಳಿಸುವ "ಹೊಸ ಕೇಂದ್ರ"ವೊಂದನ್ನು ಸೃಷ್ಟಿಸಿದವು. ಇದರಲ್ಲಿ ಇನ್ನೊಂದು ಲಾಭವೂ ಇತ್ತು. 1996ರ ಕಾನೂನಿನ ಪ್ರಕಾರ ಅತಿ ದೊಡ್ಡ ಮಾರುಕಟ್ಟೆಯಲ್ಲೂ ಒಬ್ಬ ಮಾಲೀಕನಿಗೆ ಎಂಟು ಕೇಂದ್ರಗಳು, ಅವುಗಳಲ್ಲಿ ಎಫ್‌ಎಂ ಐದು ಎಂಬ ಮಿತಿಯಿತ್ತು. ಟ್ರಾನ್ಸ್‌ಲೇಟರ್‌ಗಳು ಈ ಲೆಕ್ಕಕ್ಕೆ ಬರುವುದೇ ಇಲ್ಲ.

ದೇವಸ್ಥಾನದ ಮಾತಿನಲ್ಲಿ ಹೇಳುವುದಾದರೆ ಎಚ್‌ಡಿ-2 ಗರ್ಭಗುಡಿಯ ಮೂಲಮೂರ್ತಿ, ಟ್ರಾನ್ಸ್‌ಲೇಟರ್ ಬೀದಿಗೆ ಬರುವ ಉತ್ಸವಮೂರ್ತಿ. ದಾಖಲೆಯ ಪೂಜೆಯೆಲ್ಲ ಮೂಲಮೂರ್ತಿಗೆ, ಜನ ಕೈಮುಗಿಯುವುದು ಉತ್ಸವಮೂರ್ತಿಗೆ. ರೇಟಿಂಗ್ ಪಟ್ಟಿಯಲ್ಲಿ ನಮೂದಾಗುವ ಹೆಸರು ಮೂಲದ್ದು, ಎಂದರೆ ಎಚ್‌ಡಿ-2ರದ್ದು. ಧ್ವನಿಯೊಳಗೆ ಬೆರೆಸಿದ ಸಂಕೇತ ಎಚ್‌ಡಿ-2ರಿಂದ ಟ್ರಾನ್ಸ್‌ಲೇಟರ್‌ಗೆ ಹಾಗೆಯೇ ಸಾಗಿಬರುವುದರಿಂದ, ಕೇಳುಗ ಡಿಜಿಟಲ್ ರೇಡಿಯೊದಲ್ಲಿ ಕೇಳಿದನೋ ಅಡುಗೆಮನೆಯ ಹಳೆಯ ಟ್ರಾನ್ಸಿಸ್ಟರಿನಲ್ಲಿ ಕೇಳಿದನೋ ಎಂಬುದು ಮೀಟರಿಗೆ ತಿಳಿಯುವುದಿಲ್ಲ. ಆದ್ದರಿಂದ ಪಟ್ಟಿಯಲ್ಲಿ ಮೇಲೆ ಕಂಡ ಎಚ್‌ಡಿ-2ರ ಪಕ್ಕದಲ್ಲಿ ಯಾವುದಾದರೂ ಟ್ರಾನ್ಸ್‌ಲೇಟರ್ ಇದೆಯೇ ಎಂದು ಮೊದಲು ಹುಡುಕಿರಿ. ನನ್ನ ಅನುಭವದಲ್ಲಿ ಅದು ಸಿಗದೆ ಹೋದದ್ದು ಅಪರೂಪ. ಡಿಜಿಟಲ್ ರೇಡಿಯೊದ ಗೆಲುವೆಂದು ತಾವು ಓದಿಕೊಂಡದ್ದು ವಾಸ್ತವವಾಗಿ 250 ವಾಟ್‌ಗಳ ಅನಲಾಗ್ ಎಫ್‌ಎಂನ ಗೆಲುವು.

ಹುಡುಕುವುದು ಕಷ್ಟವೇನಲ್ಲ. ಟ್ರಾನ್ಸ್‌ಲೇಟರ್‌ಗಳ ಕರೆಹೆಸರಿನಲ್ಲಿ ಮೊದಲು ಡಬ್ಲ್ಯು ಅಥವಾ ಕೆ ಅಕ್ಷರ, ನಂತರ ಮೂರಂಕಿಯ ಚಾನೆಲ್ ಸಂಖ್ಯೆ, ಕೊನೆಗೆ ಎರಡು ಅಕ್ಷರಗಳಿರುತ್ತವೆ. ಚಾನೆಲ್ 200 ಎಂದರೆ 87.9 ಮೆಗಾಹರ್ಟ್ಸ್, ಅಲ್ಲಿಂದ ಮುಂದೆ ಒಂದೊಂದು ಸಂಖ್ಯೆಗೂ 0.2 ಕೂಡಿಸುತ್ತ ಹೋಗಬೇಕು. ಹೆಸರಿನಲ್ಲಿ 250 ಇದ್ದರೆ ಅದು 97.9ರಲ್ಲಿ ಕೇಳಿಸುತ್ತದೆ.

ಪಿಪಿಎಂ ಇಲ್ಲದ ಸಣ್ಣ ಮಾರುಕಟ್ಟೆಗಳಲ್ಲಿ ಲೆಕ್ಕ ನಡೆಯುವುದು ಡೈರಿಯಿಂದ. ಗುರುವಾರದಿಂದ ಬುಧವಾರದವರೆಗೆ ಒಂದು ವಾರ, ಯಾವ ಹೊತ್ತಿನಲ್ಲಿ ಯಾವ ಕೇಂದ್ರ ಕೇಳಿದಿರಿ ಎಂದು 12 ವರ್ಷ ಮೇಲ್ಪಟ್ಟ ಆಯ್ದ ಜನ ಬರೆದುಕೊಡುತ್ತಾರೆ. ಅಲ್ಲಿ ಕೆಲಸ ಮಾಡುವುದು ಸಂಕೇತವಲ್ಲ, ನೆನಪು. 97.9 ಎಂದು ಬರೆದರೆ ಅದು ಟ್ರಾನ್ಸ್‌ಲೇಟರ್ ಎಂದು ಗುರುತಿಸಿ ಸರಿಯಾದ ಲೆಕ್ಕಕ್ಕೆ ಹಾಕಬಹುದು. ಟ್ರಾನ್ಸ್‌ಲೇಟರ್ ಇಲ್ಲದ ಎಚ್‌ಡಿ-2ರ ಕೇಳುಗ ಬರಿಯ ಮೂಲ ಕೇಂದ್ರದ ತರಂಗಾಂತರವನ್ನು ಬರೆದು ಬಿಟ್ಟರೆ ಆ ಗಂಟೆಗಳು ಮೂಲ ಕೇಂದ್ರದ ಖಾತೆಗೆ ಹೋಗುವ ಸಂಭವವಿದೆ. ಹೀಗಾಗಿ ಈ ವಾಹಿನಿಗಳು ತಮ್ಮ ಹೆಸರನ್ನೂ ಸಂಖ್ಯೆಯನ್ನೂ ಗಂಟೆಗೆ ಹತ್ತಾರು ಸಲ ಕೂಗುತ್ತವೆ. ಕೇಳುಗರಿಗೆ ಕಿರಿಕಿರಿಯಾಗಬಹುದು, ಡೈರಿಯನ್ನು ನೆನೆದಾಗ ಅದು ಕ್ಷಮಾರ್ಹ.

ಪ್ರಶ್ನೆ: ನಮ್ಮೂರಿನ ಒಂದು ಟ್ರಾನ್ಸ್‌ಲೇಟರ್ ಕೇಂದ್ರದ ಷೇರ್ ಒಂದು ತಿಂಗಳು 0.1, ಮರು ತಿಂಗಳು 0.4, ಆಮೇಲೆ ಮತ್ತೆ 0.1. ಕಾರ್ಯಕ್ರಮಗಳಲ್ಲಿ ಏನೂ ಬದಲಾಗಿರಲಿಲ್ಲ. ಕೇಳುಗರು ನಾಲ್ಕು ಪಟ್ಟು ಹೆಚ್ಚಿ ಮತ್ತೆ ಓಡಿಹೋದರೆ? (ಡಲ್ಲಾಸ್, ಟೆಕ್ಸಸ್)

ಉತ್ತರ: ಓಡಿಹೋದವರು ಒಬ್ಬರೇ ಇರಬಹುದು. ಲೆಕ್ಕ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ, ಯಾವ ಊರಿನವೂ ಅಲ್ಲ. ಒಂದು ನಗರ ಪ್ರದೇಶದಲ್ಲಿ 6 ವರ್ಷ ಮೇಲ್ಪಟ್ಟವರು 40 ಲಕ್ಷ ಮಂದಿ, ಮೀಟರ್ ಹೊತ್ತವರು 2,000 ಮಂದಿ ಎಂದಿಟ್ಟುಕೊಳ್ಳಿ. ಆಗ ಒಂದೊಂದು ಮೀಟರೂ ಸರಾಸರಿ 2,000 ಜನರ ಪರವಾಗಿ ಮಾತನಾಡುತ್ತದೆ. ಮೀಟರ್ ಹೊತ್ತ ಒಬ್ಬ ಹೊಲಿಗೆ ಅಂಗಡಿಯವರು ದಿನಕ್ಕೆ ಎಂಟು ಗಂಟೆಯಂತೆ ವಾರಕ್ಕೆ ಐದು ದಿನ, ಒಟ್ಟು 40 ಗಂಟೆ, ಆ ಟ್ರಾನ್ಸ್‌ಲೇಟರ್ ಅನ್ನೇ ಹಾಕಿಕೊಂಡು ಕೂತಿದ್ದಾರೆ. ಬೆಳಗಿನ 6ರಿಂದ ನಡುರಾತ್ರಿಯವರೆಗೆ ವಾರಕ್ಕೆ 126 ಗಂಟೆ. 2,000ವನ್ನು 40ರಿಂದ ಗುಣಿಸಿ 126ರಿಂದ ಭಾಗಿಸಿದರೆ, ಯಾವುದೇ ಹೊತ್ತಿನಲ್ಲಿ ಸರಾಸರಿ 635 ಕೇಳುಗರೆಂದು ಬರುತ್ತದೆ. ಅದೇ ನಗರದಲ್ಲಿ ಎಲ್ಲ ಕೇಂದ್ರಗಳನ್ನೂ ಸೇರಿಸಿ ಸರಾಸರಿ ಎರಡು ಲಕ್ಷ ಮಂದಿ ರೇಡಿಯೊ ಕೇಳುತ್ತಿರುತ್ತಾರೆ ಎಂದಾದರೆ, ಆ ಒಬ್ಬರ ಕೊಡುಗೆಯೇ 0.3 ಷೇರ್! ಅವರು ರಜೆ ಹಾಕಿ ಊರಿಗೆ ಹೋದರೆ ಅಥವಾ ಮೀಟರ್ ಹೊರುವ ಅವಧಿ ಮುಗಿಸಿ ಹೊರಬಿದ್ದರೆ 0.4 ಮತ್ತೆ 0.1ಕ್ಕೆ ಇಳಿಯುತ್ತದೆ.

ಇದೇ ಹೊಲಿಗೆ ಅಂಗಡಿಯವರು 8 ಷೇರಿನ ದೊಡ್ಡ ಕೇಂದ್ರವನ್ನು ಕೇಳುತ್ತಿದ್ದರೆ ಅವರು ಬಂದದ್ದೂ ಹೋದದ್ದೂ ಯಾರ ಗಮನಕ್ಕೂ ಬರುತ್ತಿರಲಿಲ್ಲ. ಸಣ್ಣ ಕೇಂದ್ರದ ಅಂಕಿಯನ್ನು ಒಂದು ತಿಂಗಳ ಮಟ್ಟಿಗೆ ನೋಡಿ ಹಿಗ್ಗುವುದೂ ಕುಗ್ಗುವುದೂ ವ್ಯರ್ಥ. ಆರೆಂಟು ತಿಂಗಳುಗಳ ಸರಾಸರಿಯನ್ನಾದರೂ ನೋಡಬೇಕು. ಜೊತೆಗೆ ಟ್ರಾನ್ಸ್‌ಲೇಟರ್‌ನ ಧ್ವನಿ ನಗರದ ಒಂದು ಭಾಗಕ್ಕಷ್ಟೇ ತಲುಪುತ್ತದೆ, ಷೇರ್ ಲೆಕ್ಕ ಹಾಕುವುದು ಮಾತ್ರ ಹತ್ತಾರು ಉಪನಗರಗಳನ್ನೊಳಗೊಂಡ ಇಡೀ ಪ್ರದೇಶದ ಮೇಲೆ. ಕೇಳಿಸದ ಕಡೆ ಇರುವವರೂ "ಕೇಳದವರು" ಎಂದೇ ಗಣನೆಗೆ ಬರುತ್ತಾರೆ. ತಲುಪುವ ಬಡಾವಣೆಗಳಲ್ಲಿ ಮಾತ್ರ ಅಳೆದರೆ ಅದೇ ಕೇಂದ್ರದ ಚಿತ್ರ ಬೇರೆಯೇ ಆಗಿ ಕಂಡೀತು.

ಪ್ರಶ್ನೆ: ಐದು ನಿಮಿಷ ಕೇಳಿದರೆ ಮಾತ್ರ ಕೇಳಿದಂತೆ ಎಂಬ ನಿಯಮ ಈಗಲೂ ಇದೆಯೆ? (ಧಾರವಾಡ)

ಉತ್ತರ: ಮೀಟರ್ ಇರುವ ಮಾರುಕಟ್ಟೆಗಳಲ್ಲಿ ಇಲ್ಲ. ಮೊದಲು ಒಂದು ಕಾಲುಗಂಟೆಯೊಳಗೆ ಐದು ನಿಮಿಷವಾದರೂ ಕೇಳಿದ್ದರೆ ಆ ಕಾಲುಗಂಟೆಯನ್ನು ಕೇಂದ್ರದ ಖಾತೆಗೆ ಹಾಕುತ್ತಿದ್ದರು. 2025ರ ಜನವರಿಯಿಂದ ನೀಲ್ಸನ್ ಅದನ್ನು ಮೂರು ನಿಮಿಷಕ್ಕೆ ಇಳಿಸಿದೆ. ಕಾರಿನಲ್ಲಿ ಕೇಂದ್ರದಿಂದ ಕೇಂದ್ರಕ್ಕೆ ಹಾರುವವರ ಲೆಕ್ಕ ಇದರಿಂದ ಹೆಚ್ಚು ಸಿಗುತ್ತದೆ. ನಡುನಡುವೆ ಕಡಿದುಹೋಗುವ ಎಚ್‌ಡಿ-2ಕ್ಕೂ ಸ್ವಲ್ಪ ಅನುಕೂಲವಾದೀತೆಂದು ನನ್ನ ಊಹೆ.

ಪ್ರಶ್ನೆ: ಮೆಲುದನಿಯ ಸಂಗೀತ ಅಥವಾ ಮಾತು ಹೆಚ್ಚಿರುವ ವಾಹಿನಿಗೆ ಮೀಟರ್ ಅನ್ಯಾಯ ಮಾಡುತ್ತದೆ ಎನ್ನುತ್ತಾರೆ. ನಿಜವೆ? (ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ)

ಉತ್ತರ: ಆ ದೂರಿಗೆ ಆಧಾರವಿತ್ತು. ಸಂಕೇತವನ್ನು ಅಡಗಿಸಿಡಲು ಅದರ ಮೇಲೆ ಗಟ್ಟಿಯಾದ ಧ್ವನಿಯ ಹೊದಿಕೆ ಬೇಕು. ಡ್ರಮ್ಮು, ಗಿಟಾರುಗಳ ಹಾಡಿಗೆ ಹೊದಿಕೆ ದಪ್ಪ. ತಂಬೂರಿಯ ಮೇಲೆ ನಿಧಾನವಾಗಿ ಬಿಚ್ಚಿಕೊಳ್ಳುವ ಆಲಾಪಕ್ಕೂ, ನಡುನಡುವೆ ಉಸಿರೆಳೆದುಕೊಳ್ಳುವ ಮಾತಿಗೂ ಹೊದಿಕೆ ತೆಳು; ಸಂಕೇತವನ್ನು ಅಷ್ಟೇ ಸಣ್ಣದಾಗಿ ಹಾಕಬೇಕಾಗುತ್ತದೆ, ಗದ್ದಲದ ಕೋಣೆಯಲ್ಲಿ ಮೀಟರಿಗೆ ಅದು ಸಿಗದೆ ಹೋಗಬಹುದು. ವೋಲ್ಟೇರ್ ಎಂಬ ಸಾಧನ ಮಾರುಕಟ್ಟೆಗೆ ಬಂದು, ಸಂಕೇತವನ್ನು ಬಲಪಡಿಸಿ ಅಂಕಿಗಳನ್ನು ಏರಿಸುತ್ತದೆಂದು ಸುದ್ದಿಯಾದಾಗ ಕೇಂದ್ರಗಳು ಅದನ್ನು ಮುಗಿಬಿದ್ದು ಕೊಂಡವು. ಕೊನೆಗೆ 2015ರಲ್ಲಿ ನೀಲ್ಸನ್ ತನ್ನ ಸಂಕೇತವನ್ನೇ ಸುಧಾರಿಸಿತು. ಜನ ಕೇಳಿದ್ದಕ್ಕೂ ಯಂತ್ರ ಕೇಳಿಸಿಕೊಂಡದ್ದಕ್ಕೂ ಅಂತರವಿದೆ ಎಂಬುದನ್ನು ಆ ಗಲಾಟೆ ಎಲ್ಲರ ಮುಂದೆ ಬಯಲಿಗಿಟ್ಟಿತು.

ಪ್ರಶ್ನೆ: ದೊಡ್ಡ ಕೇಂದ್ರ ದೂರು ಕೊಟ್ಟರೆ ಟ್ರಾನ್ಸ್‌ಲೇಟರ್ ಬಾಯಿ ಮುಚ್ಚಬೇಕು ಎಂದು ಕೇಳಿದ್ದೇನೆ. ಅಷ್ಟು ಕೇಳುಗರನ್ನು ಗಳಿಸಿದ ಮೇಲೂ ಹೀಗೆಯೆ? (ಶಿವಮೊಗ್ಗ)

ಉತ್ತರ: ಹೌದು. ಕಾನೂನಿನ ಕಣ್ಣಿನಲ್ಲಿ ಟ್ರಾನ್ಸ್‌ಲೇಟರ್ ಎರಡನೆಯ ದರ್ಜೆಯ ಸೇವೆ. ಪೂರ್ಣ ಪರವಾನಗಿಯ ಕೇಂದ್ರದ ಪ್ರಸಾರಕ್ಕೆ ಅಡಚಣೆ ಮಾಡಿದರೆ ಅದನ್ನು ಸರಿಪಡಿಸಬೇಕು, ಆಗದಿದ್ದರೆ ಪ್ರಸಾರ ನಿಲ್ಲಿಸಬೇಕು. ರೇಟಿಂಗ್ ಎಷ್ಟಿದೆ ಎಂಬುದು ಅಲ್ಲಿ ವಾದವಾಗಲಾರದು. ಆದರೆ ಹಿಂದೆ ಒಬ್ಬಿಬ್ಬರು ಕೇಳುಗರ ದೂರಿನಿಂದಲೇ ಟ್ರಾನ್ಸ್‌ಲೇಟರ್‌ಗೆ ಕುತ್ತು ಬರುತ್ತಿತ್ತು. 2019ರಲ್ಲಿ ಎಫ್‌ಸಿಸಿ ನಿಯಮ ಬದಲಿಸಿ, ದೂರುವ ಕೇಂದ್ರದ ವ್ಯಾಪ್ತಿಯ ಜನಸಂಖ್ಯೆಗೆ ತಕ್ಕಂತೆ ಕನಿಷ್ಠ 6ರಿಂದ 25 ಮಂದಿ ಕೇಳುಗರ ದೂರುಗಳಾದರೂ ಬೇಕು ಎಂದಿತು. ಕೇಳುಗರ ತಲೆ ಎಣಿಸುವ ಇನ್ನೊಂದು ಬಗೆಯೆಂದು ಇದನ್ನೂ ಕರೆಯಬಹುದೇನೋ.

ಪ್ರಶ್ನೆ: ನಾನು ಸಮುದಾಯ ಬಾನುಲಿಯೊಂದರಲ್ಲಿ ಸ್ವಯಂಸೇವಕ. ಅಮೆರಿಕದ ಸಣ್ಣ ಕೇಂದ್ರಗಳಂತೆ ನಮಗೂ ರೇಟಿಂಗ್ ಬೇಡವೆ? ಕೇಳುಗರೆಷ್ಟು ಎಂದು ಕೇಳಿದವರಿಗೆ ಏನು ಹೇಳಲಿ? (ಕೋಲಾರ)

ಉತ್ತರ: ತಮ್ಮ ಕೇಂದ್ರವನ್ನು ಟ್ರಾನ್ಸ್‌ಲೇಟರ್ ಜೊತೆಗೆ ಹೋಲಿಸಬೇಡಿ. ತಮಗೆ ಸಮೀಪದ ಸಂಬಂಧಿ ಅಮೆರಿಕದ ಲೋ ಪವರ್ ಎಫ್‌ಎಂ. 2000ನೇ ಇಸವಿಯಲ್ಲಿ ಎಫ್‌ಸಿಸಿ ಆರಂಭಿಸಿದ ಈ ವರ್ಗಕ್ಕೆ ಮಿತಿ 100 ವಾಟ್, ವ್ಯಾಪ್ತಿ ಸುಮಾರು 5.6 ಕಿಲೋಮೀಟರ್ ತ್ರಿಜ್ಯ. ಸ್ವಂತ ಕಾರ್ಯಕ್ರಮ ನಡೆಸಬಹುದು, ಜಾಹೀರಾತು ಮಾರುವಂತಿಲ್ಲ. ಮಾರಲು ಏನೂ ಇಲ್ಲದವರು ರೇಟಿಂಗ್‌ಗೆ ದುಡ್ಡು ಕೊಡುವುದಿಲ್ಲ; ಅಲ್ಲಿನ ಹೆಚ್ಚಿನ ಸಣ್ಣ ಕೇಂದ್ರಗಳು ಆ ಗೋಜಿಗೇ ಹೋಗುವುದಿಲ್ಲ. ನಮ್ಮಲ್ಲಿ ಸಮುದಾಯ ಬಾನುಲಿಗೆ ಜಾಹೀರಾತಿನ ಅವಕಾಶವಿದ್ದರೂ ಟ್ರಾನ್ಸ್‌ಮಿಟರ್ 50 ವಾಟ್‌ಗಳದ್ದು. ಇಡೀ ಜಿಲ್ಲೆಯ ಸಮೀಕ್ಷೆಯಲ್ಲಿ ತಾವು ಕಾಣಿಸಿಕೊಳ್ಳುವ ಸಂಭವ ಕಡಿಮೆ.

ತಾವೇ ಎಣಿಸಿ. ಧ್ವನಿ ತಲುಪುವ ಹಳ್ಳಿಗಳ ಪಟ್ಟಿ ಮಾಡಿ, ಒಂದೊಂದರಲ್ಲೂ ಪ್ರತಿ ಹತ್ತನೆಯ ಮನೆಯ ಬಾಗಿಲು ತಟ್ಟಿ. "ನಮ್ಮ ರೇಡಿಯೊ ಕೇಳುತ್ತೀರಾ?" ಎಂದು ಮೊದಲು ಕೇಳಬೇಡಿ, ಬಾಗಿಲಿಗೆ ಬಂದವರನ್ನು ನೋಯಿಸಬಾರದೆಂದು ಎಲ್ಲರೂ ಹೌದೆನ್ನುತ್ತಾರೆ. "ನಿನ್ನೆ ರೇಡಿಯೊ ಹಾಕಿದ್ದಿರಾ, ಎಷ್ಟು ಹೊತ್ತಿಗೆ, ಏನು ಬರುತ್ತಿತ್ತು?" ಎಂದು ಕೇಳಿ, ಹೇಳಿದ್ದನ್ನು ಹಾಗೆಯೇ ಬರೆದುಕೊಳ್ಳಿ. ಕೇಂದ್ರಕ್ಕೆ ಬರುವ ಫೋನ್ ಕರೆಗಳನ್ನು ಕೇಳುಗರ ಲೆಕ್ಕವೆಂದು ತಿಳಿಯಬಾರದು. ಕರೆ ಮಾಡುವವರು ಅವೇ ಇಪ್ಪತ್ತು ಮಂದಿ ಎಂಬುದು ತಮಗೇ ಗೊತ್ತಿರುತ್ತದೆ.

ಪ್ರಶ್ನೆ: ಬೆಂಗಳೂರಿಗೂ ಡಿಜಿಟಲ್ ಎಫ್‌ಎಂ ಬರುವುದಂತೆ. ಇಲ್ಲಿಯೂ ಇದೇ ಎಣಿಕೆಯ ಗೊಂದಲವಾಗುವುದೆ? (ಬಸವನಗುಡಿ, ಬೆಂಗಳೂರು)

ಉತ್ತರ: ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2025ರ ಅಕ್ಟೋಬರಿನಲ್ಲಿ ಖಾಸಗಿ ಡಿಜಿಟಲ್ ರೇಡಿಯೊ ಕುರಿತು ಶಿಫಾರಸು ಮಾಡಿದೆ. ಬೆಂಗಳೂರು ಸೇರಿ 13 ನಗರಗಳಲ್ಲಿ, ಒಂದೇ ತರಂಗಾಂತರದಲ್ಲಿ ಒಂದು ಅನಲಾಗ್, ಮೂರು ಡಿಜಿಟಲ್ ವಾಹಿನಿಗಳು ಮತ್ತು ಒಂದು ದತ್ತಾಂಶ ವಾಹಿನಿ ಎಂಬುದು ಅದರ ಸ್ವರೂಪ. ಡಿಜಿಟಲ್ ರೇಡಿಯೊ ಕೊಳ್ಳದವರಿಗೆ ಆ ಮೂರೂ ಇಲ್ಲದಂತೆಯೇ. ಆಕಾಶವಾಣಿ ಮಧ್ಯಮ ತರಂಗದಲ್ಲಿ ಮೂವತ್ತಕ್ಕೂ ಹೆಚ್ಚು ಡಿಜಿಟಲ್ ಟ್ರಾನ್ಸ್‌ಮಿಟರ್‌ಗಳನ್ನು ಹಾಕಿ ವರ್ಷಗಳಾದವು. ಕೆಲವು ಕಾರುಗಳನ್ನು ಬಿಟ್ಟರೆ ಅದನ್ನು ಹಿಡಿಯುವ ರೇಡಿಯೊ ನಮ್ಮ ಎಷ್ಟು ಮನೆಗಳಲ್ಲಿದೆ ಎಂದು ತಾವೇ ನೋಡಿರಬಹುದು.

ಎಣಿಕೆಯ ವಿಷಯಕ್ಕೆ ಬಂದರೆ, ಟ್ಯಾಮ್ ಸಂಸ್ಥೆ 2007ರಲ್ಲಿ ದೆಹಲಿ, ಮುಂಬಯಿ ಮತ್ತು ಬೆಂಗಳೂರುಗಳಲ್ಲಿ ಆರಂಭಿಸಿದ ರ್‍ಯಾಮ್ ಸಮೀಕ್ಷೆ ನಡೆದದ್ದು ಡೈರಿಯಿಂದ. ನಾವು ಬೆಂಗಳೂರಿನವರು ಕೇಂದ್ರವನ್ನು ನೆನೆಯುವುದೇ ಸಂಖ್ಯೆಯಿಂದ: ತೊಂಬತ್ತೊಂದು, ತೊಂಬತ್ಮೂರು, ನೂರಾ ಒಂದು. ಆ ಒಂದು ಸಂಖ್ಯೆಯೊಳಗೆ ನಾಲ್ಕು ವಾಹಿನಿಗಳು ಕೂತ ಮೇಲೆ ಡೈರಿಯ ಸಾಲಿನಲ್ಲಿ "ತೊಂಬತ್ತೊಂದು, ಬೆಳಿಗ್ಗೆ ಎಂಟರಿಂದ ಒಂಬತ್ತು" ಎಂದು ಬರೆದವರು ಕೇಳಿದ್ದು ನಾಲ್ಕರಲ್ಲಿ ಯಾವುದನ್ನು ಎಂದು ಅವರನ್ನೇ ಮತ್ತೆ ಕೇಳಬೇಕಾಗುತ್ತದೆ.